ಅಪ್ಪನ ಕಾಲಿನ ಪೇಟೆಂಟು

ಮೈಸೂರಿನಿಂದ ವಾಪಸ್ ಹೊರಟು ಹುಣಸೂರು ದಾಟಿದರೂ ಅಪ್ಪ ಒಂದು ಮಾತಾಡಿರಲಿಲ್ಲ. ಮುಂದಿನ ಸೀಟಿನಲ್ಲಿ ಎಡಗಾಲನ್ನು ಆದಷ್ಟು ಚಾಚಿಕೊಂಡು, ಕಿಟಕಿಯಾಚೆ ಹೊಗೆಸೊಪ್ಪು ಒಣಗಿಸುವ ಬ್ಯಾರನ್‌ಗಳನ್ನು ಎಣಿಸುವವರ ಹಾಗೆ ನೋಡುತ್ತಾ ಕೂತಿದ್ದರು. ಕಾಲು ಊದಿತ್ತು. ಯಾವಾಗಿನಿಂದ ಎಂದು ಕೇಳಿದರೆ 'ಮೊನ್ನೆಯಿಂದ' ಅಂದಿದ್ದರು. ಅಪ್ಪನ ಮೊನ್ನೆ ಎಂದರೆ ಎರಡು ದಿನವೂ ಇರಬಹುದು, ಎರಡು ತಿಂಗಳೂ ಇರಬಹುದು. ಒಳಗೆ ರಕ್ತ ಹೆಪ್ಪುಗಟ್ಟಿದ್ದರೆ ಕಷ್ಟ, ರಕ್ತನಾಳ ನೋಡುವ ಡಾಪ್ಲರ್ ಸ್ಕ್ಯಾನ್ ಒಂದು ಮಾಡಿಸಿಬಿಡಿ ಎಂದು ನಮ್ಮೂರ ಡಾಕ್ಟರು ಚೀಟಿ ಬರೆದುಕೊಟ್ಟಿದ್ದರು. ಹಾಗಾಗಿ ಬೆಳಿಗ್ಗೆ ಐದಕ್ಕೇ ಎದ್ದು ಮಡಿಕೇರಿ ಮಂಜಿನಲ್ಲಿ ಕಾರು ಹೊರಡಿಸಿ ಮೈಸೂರು ಮುಟ್ಟಿದ್ದೆವು.

ಪಿರಿಯಾಪಟ್ಟಣದ ಹತ್ತಿರ ಕಾಫಿಗೆ ನಿಲ್ಲಿಸಿದಾಗ ಅಪ್ಪನೇ ಕವರು ನನ್ನ ಕೈಗೆ ಕೊಟ್ಟು 'ಏನ್ ಬರ್ದಿದ್ದಾರೆ, ಓದು' ಅಂದರು. ಓದಿದೆ. 'ಆಲ್ ಡೀಪ್ ವೇನ್ಸ್ ಆರ್ ಪೇಟೆಂಟ್ ಅಂಡ್ ಕಂಪ್ರೆಸಿಬಲ್.' ಅಪ್ಪ ಲೋಟ ಕೆಳಗಿಟ್ಟರು. 'ನನ್ನ ಕಾಲಿನ ನರಕ್ಕೂ ಪೇಟೆಂಟ್ ಮಾಡ್ಸಿಬಿಟ್ರಾ? ಯಾರ ಹೆಸರಿಗೆ?' ಎಂದು ಕೇಳಿದರು. ತಮಾಷೆಗೋ ನಿಜಕ್ಕೂ ಕೇಳಿದರೋ, ಅವರ ಮುಖ ನೋಡಿ ಹೇಳುವುದು ಯಾವತ್ತೂ ಆಗಿಲ್ಲ. ಮೊಬೈಲ್ ತೆಗೆದು ನೋಡಿ ಹೇಳಿದೆ: ಪೇಟೆಂಟ್ ಅಂದ್ರೆ ತೆರೆದಿದೆ ಅಂತ ಅಪ್ಪ. ರಕ್ತನಾಳ ಎಲ್ಲೂ ಕಟ್ಟಿಕೊಂಡಿಲ್ಲ, ತೆರೆದಿದೆ. ಅಷ್ಟರಲ್ಲಿ ಅಮ್ಮ ಅಂದಳು, 'ಸದ್ಯ. ನಿಮ್ಮಪ್ಪನಲ್ಲಿ ತೆರೆದಿರೋದು ಅದೊಂದಾದ್ರೂ ಇದೆಯಲ್ಲ.'

ಆ ಸಾಲಿನ ಕೆಳಗೆ ಇನ್ನೊಂದು ಸಾಲಿತ್ತು. ಅದು ಆಗ ನಮಗೆ ಯಾರಿಗೂ ಅರ್ಥವಾಗಲಿಲ್ಲ. ಆಮೇಲೆ ಹೇಳುತ್ತೇನೆ.

ನನ್ನ ತಲೆಯಲ್ಲಿ ಉಳಿದದ್ದು ಆ ಪದ. ನಮ್ಮ ಪಾಲಿಗೆ ಪೇಟೆಂಟ್ ಎಂದರೆ ಬೇಲಿ. ಇದು ನನ್ನದು, ಮುಟ್ಟಬೇಡ ಎನ್ನುವ ಬೋರ್ಡು. ಒಬ್ಬ ಒಂದೇ ಮಾತನ್ನು ಹತ್ತು ಸಲ ಹೇಳಿದರೆ 'ಅದು ಅವನ ಪೇಟೆಂಟ್ ಡೈಲಾಗ್' ಅನ್ನುತ್ತೇವೆ, ಅಂದರೆ ಬೇರೆಯವರು ಹೇಳುವ ಹಾಗಿಲ್ಲ. ಅಂಥ ಪದಕ್ಕೆ ಡಾಕ್ಟರ ಬಾಯಲ್ಲಿ 'ತೆರೆದಿದೆ' ಎಂಬ ಅರ್ಥ ಹೇಗೆ ಬಂತು?

ಒಂದು ಮಾರು ಹೂವು

ಹುಡುಕಿದಾಗ ಗೊತ್ತಾದದ್ದು, ತಲೆಕೆಳಗಾಗಿ ಕೇಳುತ್ತಿದ್ದವನು ನಾನು ಅಂತ. ತೆರೆದಿರುವುದೇ ಮೊದಲ ಅರ್ಥ, ಬೇಲಿ ಆಮೇಲೆ ಬಂದದ್ದು. ಲ್ಯಾಟಿನ್‌ನಲ್ಲಿ ಪತೇರೆ ಎಂಬ ಕ್ರಿಯಾಪದ ಇದೆ. ತೆರೆದುಕೊಂಡಿರು, ಹರಡಿಕೊಂಡಿರು ಎಂದರ್ಥ. ಅದರಿಂದ ಪೇಟೆಂಟ್. ಅದರಿಂದಲೇ ಪೇಟೆನ್ಸಿ, ಅಂದರೆ ತೆರೆದಿರುವಿಕೆ. ಈ ಪೇಟೆನ್ಸಿ ಎಂಬ ಪದವನ್ನು ಇಂಗ್ಲಿಷ್ ಮಾತಾಡುವವರೂ ಮನೆಯಲ್ಲಿ ಬಳಸುವುದಿಲ್ಲ. ಅದು ಸ್ಕ್ಯಾನ್ ರಿಪೋರ್ಟಿನಲ್ಲಿ, ಆಪರೇಷನ್ ಥಿಯೇಟರಿನಲ್ಲಿ ಬದುಕಿಕೊಂಡಿದೆ. ಉಸಿರಿನ ದಾರಿ, ಹೃದಯಕ್ಕೆ ಹಾಕಿದ ಸ್ಟೆಂಟು, ಡಯಾಲಿಸಿಸ್‌ನವರ ಕೈಯಲ್ಲಿ ರಕ್ತನಾಳ ಜೋಡಿಸಿ ಮಾಡುವ ಫಿಸ್ಟುಲಾ, ಇವೆಲ್ಲದರ ಪೇಟೆನ್ಸಿ ನೋಡುತ್ತಾರೆ. ಅಮೆರಿಕದವರಂತೂ ಎರಡಕ್ಕೂ ಬೇರೆ ಬೇರೆ ಉಚ್ಚಾರ ಮಾಡಿಕೊಂಡಿದ್ದಾರೆ. ವಕೀಲರದ್ದು ಪ್ಯಾಟೆಂಟ್, ಡಾಕ್ಟರದ್ದು ಪೇಟೆಂಟ್. ನಾವು ಎರಡನ್ನೂ ಒಂದೇ ಹಗ್ಗಕ್ಕೆ ಕಟ್ಟಿದ್ದೇವೆ, ಅಪ್ಪನ ಜೋಕು ಹುಟ್ಟಿದ್ದೇ ಅದರಿಂದ.

ಇನ್ನೂ ಹಿಂದಕ್ಕೆ ಹೋದರೆ 'ಹರಡು' ಎಂಬ ಅರ್ಥದ ಒಂದು ಹಳೆಯ ಬೇರು ಸಿಗುತ್ತದೆ. ಅದೇ ಬೇರಿನಿಂದ ಗ್ರೀಕ್ ದಾರಿಯಲ್ಲಿ ಪೆಟಲ್ ಬಂದಿದೆ, ಹೂವಿನ ಎಸಳು. ಇಂಗ್ಲಿಷಿನ ಫ್ಯಾದಮ್ ಕೂಡ ಅಲ್ಲಿಂದಲೇ. ಎರಡೂ ಕೈ ಅಗಲಿಸಿದರೆ ಈ ತುದಿಯಿಂದ ಆ ತುದಿಗೆ ಎಷ್ಟಾಗುತ್ತದೋ ಅಷ್ಟು. ನಮ್ಮ ಮಾರು. ಮಡಿಕೇರಿ ಮಾರ್ಕೆಟ್ಟಿನಲ್ಲಿ ಹೂ ಮಾರುವಾಕೆ ಎರಡೂ ಕೈ ಚಾಚಿ 'ಒಂದು ಮಾರು ತಗೊಳ್ಳಿ' ಅನ್ನುವಾಗ ಎಸಳು, ಮಾರು ಎರಡೂ ಒಟ್ಟಿಗೆ ಆಕೆಯ ಕೈಯಲ್ಲೇ ಇರುತ್ತವೆ. ಸುಮ್ನೆ ಹೇಳಿದೆ. ಇದರಿಂದ ಏನೂ ಸಾಬೀತಾಗುವುದಿಲ್ಲ. ಆದರೂ ಇಂಥದ್ದು ಸಿಕ್ಕಿದ ದಿನ ನನಗೆ ಬೇರೆ ಕೆಲಸ ಹತ್ತುವುದಿಲ್ಲ.

ಕಾಫಿ ನಾಡಿನಲ್ಲಿ ಬೆಳೆದವರಿಗೆ ಎಸಳು ಬಿಚ್ಚುವುದು ಎಂದರೆ ಹೂಮಳೆ ನೆನಪಾಗದೆ ಇರುವುದಿಲ್ಲ. ಫೆಬ್ರವರಿ, ಮಾರ್ಚಿನಲ್ಲಿ ಒಂದು ಮಳೆ ಬೀಳಬೇಕು. ಅಲ್ಲಿಯತನಕ ಗೆಣ್ಣುಗಳಲ್ಲಿ ಮೊಗ್ಗು ಗೋಧಿಕಾಳಿನಷ್ಟಾಗಿ ಬಿಗಿದುಕೊಂಡು ಕೂತಿರುತ್ತದೆ. ಮಳೆ ಬಿದ್ದು ಒಂದೆಂಟು ಹತ್ತು ದಿನಕ್ಕೆ ಇಡೀ ತೋಟ ಬೆಳ್ಳಗಾಗುತ್ತದೆ. ಎರಡು ಮೂರು ದಿನ, ಅಷ್ಟೇ. ಆಮೇಲೆ ಎಸಳು ಕಂದಿ ಉದುರುತ್ತದೆ. ಆ ಎರಡು ಮೂರು ದಿನ ಜೋರು ಮಳೆ ಬಂದರೆ ಬೆಳೆಗಾರರ ಮುಖ ನೋಡಲಾಗುವುದಿಲ್ಲ. ತೆರೆದ ಹೊತ್ತು ಅಂದರೆ ಕೆಡಬಹುದಾದ ಹೊತ್ತೂ ಹೌದು.

ಮೊಹರು ಜೋತಾಡುವ ಕಾಗದ

ಬೇಲಿಯ ಅರ್ಥ ಬಂದದ್ದು ರಾಜರ ಕಾಗದದಿಂದ. ಇಂಗ್ಲೆಂಡಿನ ರಾಜರು ಎರಡು ಥರದ ಪತ್ರ ಬರೆಸುತ್ತಿದ್ದರು. ಒಂದು ಮಡಚಿ ಮೊಹರು ಹಾಕಿದ್ದು. ಯಾರಿಗೆ ಬರೆದದ್ದೋ ಅವರೇ ಮೊಹರು ಒಡೆದು ಓದಬೇಕು. ಅದಕ್ಕೆ ಮುಚ್ಚಿದ ಪತ್ರ ಎಂದೇ ಹೆಸರು. ಇನ್ನೊಂದು ತೆರೆದ ಪತ್ರ, ಲೆಟರ್ಸ್ ಪೇಟೆಂಟ್. ಅದನ್ನು ಮಡಚಿ ಅಂಟಿಸುತ್ತಿರಲಿಲ್ಲ. ಮೊಹರು ಕಾಗದದ ಕೆಳಗೆ ದಾರದಲ್ಲೋ ಪಟ್ಟಿಯಲ್ಲೋ ಜೋತಾಡುತ್ತಿತ್ತು, ಹಾಗಾಗಿ ಮೊಹರು ಒಡೆಯದೆ ಯಾರು ಬೇಕಾದರೂ ಓದಬಹುದಿತ್ತು. ಈ ಪತ್ರ ಯಾರ ಕೈಗೆ ಸೇರುತ್ತದೋ ಅವರೆಲ್ಲರಿಗೂ ಎಂದು ಶುರುವಾಗುವ ಒಕ್ಕಣೆ. ಪದವಿ ಕೊಟ್ಟರೆ, ಜಮೀನು ಕೊಟ್ಟರೆ, ಸವಲತ್ತು ಕೊಟ್ಟರೆ ಇಂಥ ಪತ್ರ. ಇಂಥವುಗಳ ನಕಲು ಇಟ್ಟ ಸುರುಳಿಗಳು 1201ರಿಂದ ಇವೆ. ಅಮೆರಿಕದಲ್ಲಿ ಸರ್ಕಾರ ಕೊಟ್ಟ ಜಮೀನಿನ ಪತ್ರಕ್ಕೂ ಲ್ಯಾಂಡ್ ಪೇಟೆಂಟ್ ಅನ್ನುತ್ತಾರೆ. ನಮ್ಮಲ್ಲಿ ಪೆಂಡಾಲು ಹಾಕಿ, ಮೈಕು ಕಟ್ಟಿ, ಹೆಸರು ಕೂಗಿ ಹಕ್ಕುಪತ್ರ ಹಂಚುತ್ತಾರಲ್ಲ, ನನಗೆ ಅದೇ ಹತ್ತಿರ ಅನಿಸಿತು. ಹಕ್ಕು ನಿನ್ನೊಬ್ಬನದು, ಅದನ್ನು ಕೊಟ್ಟದ್ದು ಮಾತ್ರ ಊರಿಗೆಲ್ಲ ಕಾಣಬೇಕು.

1449ರಲ್ಲಿ ಆರನೇ ಹೆನ್ರಿ ಇಂಥದ್ದೊಂದು ಪತ್ರವನ್ನು ಫ್ಲೆಮಿಷ್ ನಾಡಿನಿಂದ ಬಂದಿದ್ದ ಜಾನ್ ಆಫ್ ಯುಟಿನಮ್ ಎಂಬ ಗಾಜಿನ ಕೆಲಸದವನಿಗೆ ಕೊಟ್ಟ. ಬಣ್ಣದ ಗಾಜು ಮಾಡುವ ವಿದ್ಯೆ 20 ವರ್ಷ ಅವನೊಬ್ಬನದು. ಬದಲಿಗೆ ಆ ವಿದ್ಯೆಯನ್ನು ಇಂಗ್ಲೆಂಡಿನವರಿಗೆ ಕಲಿಸಿಕೊಡಬೇಕು. ಹೊಸ ವಿದ್ಯೆಗೆ ಕೊಟ್ಟ ಪತ್ರಗಳಲ್ಲಿ ಇಂಗ್ಲೆಂಡಿನ ಮಟ್ಟಿಗೆ ಗೊತ್ತಿರುವ ಮೊದಲನೆಯದು ಇದು. ನಮ್ಮ ದೇಶದಲ್ಲಿ ಕಾನೂನು ಬಂದದ್ದು 1856ರಲ್ಲಿ. ಆ ವರ್ಷವೇ ಕಲ್ಕತ್ತದ ಜಾರ್ಜ್ ಆಲ್ಫ್ರೆಡ್ ಡಿಪೆನ್ನಿಂಗ್ ಎಂಬವರು ಅರ್ಜಿ ಹಾಕಿದರು. ಯಾವುದಕ್ಕೆ ಗೊತ್ತಾ? ಪಂಖಾ ಎಳೆಯುವ ಯಂತ್ರಕ್ಕೆ! ಸೆಖೆಯ ದೇಶದಲ್ಲಿ ಇನ್ನೇನು ತಾನೇ ಮೊದಲು ಹೊಳೆಯಬೇಕು.

ಎಲ್ಲರೂ ಓದಬಹುದಾದ ಕಾಗದ ಎಂದಾಗ ನನಗೆ ಕಣ್ಣಿಗೆ ಬರುವುದು ಅಪ್ಪನ ಚೆಕ್‌ರೋಲು, ತೋಟದ ಕೂಲಿ ಲೆಕ್ಕದ ಪುಸ್ತಕ. ಅಪ್ಪ 32 ವರ್ಷ ಒಂದು ಕಾಫಿ ತೋಟದಲ್ಲಿ ರೈಟರ್ ಆಗಿದ್ದರು. (ಹೊರಗಿನವರು ಇದನ್ನು ಕೇಳಿ 'ನಿಮ್ಮ ತಂದೆ ಏನು ಬರೀತಾರೆ, ಕಥೆನಾ' ಎಂದು ಕೇಳುತ್ತಾರೆ. ಲೆಕ್ಕ ಬರೀತಾರೆ ಸ್ವಾಮಿ.) ಸಂತೆಯ ಹಿಂದಿನ ದಿನ ಬಟವಾಡೆ. ಡ್ರೈಯಿಂಗ್ ಯಾರ್ಡಿನ ಮೂಲೆಗೆ ಒಂದು ಮೇಜು ಹಾಕಿ, ಅದರ ಮೇಲೆ ಉದ್ದನೆಯ ಚೆಕ್‌ರೋಲ್ ಪುಸ್ತಕ ಬಿಚ್ಚಿ ಅಪ್ಪ ನಿಂತುಕೊಂಡೇ ಓದುತ್ತಿದ್ದರು. ಹೆಸರು, ಎಷ್ಟು ದಿನ ಕೆಲಸ, ಎಷ್ಟು ಕೂಲಿ, ಮುಂಗಡ ಎಷ್ಟು ತಗೊಂಡಿದ್ದು, ಅದರಲ್ಲಿ ಎಷ್ಟು ಮುರಿದುಕೊಂಡದ್ದು, ಕೈಗೆ ಎಷ್ಟು. ಲೈನ್ ಮನೆಯ ಅಷ್ಟೂ ಜನ ಸುತ್ತ ನಿಂತಿರುತ್ತಿದ್ದರು. ಗಟ್ಟಿಯಾಗಿ ಓದಬೇಕು ಎನ್ನುವುದು ಅಪ್ಪನ ಹಟ. ಅವರಿಗಿಂತ ಮೊದಲಿದ್ದವರು ಪುಸ್ತಕವನ್ನು ಮುಚ್ಚಿಟ್ಟುಕೊಂಡು ಕೈಗೆ ಬಂದಷ್ಟು ಕೊಡುತ್ತಿದ್ದರಂತೆ. ಯಾರಿಗೆ ಎಷ್ಟು ಕಡಿಮೆ ಬಂತು ಎಂದು ಯಾರಿಗೂ ಗೊತ್ತಾಗುತ್ತಿರಲಿಲ್ಲ. ಅಪ್ಪ ಬಂದ ಮೇಲೆ ಆ ಥರ ಇಲ್ಲ ಎಂದು ಜನ ಹೇಳುವುದನ್ನು ನಾನೇ ಕೇಳಿದ್ದೇನೆ. ಆ ವಯಸ್ಸಿನಲ್ಲಿ ನನಗೆ ಅದರಿಂದ ಬಹಳ ಹೆಮ್ಮೆಯಿತ್ತು.

ಒಂದು ಬಟವಾಡೆಯ ದಿನ ನಾನೂ ಅಲ್ಲೇ ಕಾಫಿ ಚೀಲದ ಮೇಲೆ ಕೂತಿದ್ದೆ. ನಾಲ್ಕನೇ ಕ್ಲಾಸೋ ಐದನೆಯದೋ. ಕಳೆ ತೆಗೆಯುವ ಗುಂಪಿನಲ್ಲಿದ್ದ ಒಬ್ಬ ಹೆಂಗಸು ತನ್ನ ಸರದಿ ಬರುವ ಮುಂಚೆಯೇ ಮೇಜಿನ ಹತ್ತಿರ ಬಂದು 'ರೈಟ್ರೇ, ನಂದು ಮೆಲ್ಲ ಓದಿ' ಅಂದಳು. ಅಪ್ಪನಿಗೆ ಕೇಳಿಸಲಿಲ್ಲವೋ ಏನೋ, ಎಂದಿನ ದನಿಯಲ್ಲೇ ಹೆಸರು ಕೂಗಿದರು. ಮುಂಗಡದ ಲೆಕ್ಕ ಬಂತು. ಅದು ಜಾಸ್ತಿಯಿತ್ತು. ಗಂಡನೂ ಆಕೆಯ ಹೆಸರಿಗೇ ತಗೊಂಡಿದ್ದನಂತೆ. ಹಿಂದೆ ನಿಂತವರಲ್ಲಿ ಯಾರೋ ನಕ್ಕರು. ಆಕೆ ಸೆರಗನ್ನು ಬಾಯಿಗೆ ಒತ್ತಿಕೊಂಡು ಹೆಬ್ಬೆಟ್ಟು ಒತ್ತಿ, ದುಡ್ಡು ಎಣಿಸದೆ ಹೋದಳು. ಅಪ್ಪ ಮುಂದಿನ ಹೆಸರು ಕೂಗುವ ಮೊದಲು ಸ್ವಲ್ಪ ಹೊತ್ತು ಸುಮ್ಮನಿದ್ದರು. ಪೆನ್ನಿನ ಮುಚ್ಚಳ ಹಾಕಿದರು, ಮತ್ತೆ ತೆಗೆದರು.

ಮುಂದಿನ ಬಟವಾಡೆಯಲ್ಲಿ ಒಂದು ಬದಲಾವಣೆ ಇತ್ತು. ಅಪ್ಪ ಹೆಸರು, ದಿನ, ಕೂಲಿಯನ್ನು ಎಲ್ಲರಿಗೂ ಕೇಳುವ ಹಾಗೆ ಓದುತ್ತಿದ್ದರು. ಮುಂಗಡದ ಕಾಲಂ ಬಂದಾಗ ಪುಸ್ತಕವನ್ನು ಅವರ ಕಡೆ ತಿರುಗಿಸಿ, ಬೆರಳಿಟ್ಟು, ದನಿ ಇಳಿಸಿ ಹೇಳುತ್ತಿದ್ದರು. ಓದು ಬರದವರಿಗೂ ಪುಸ್ತಕ ತಿರುಗಿಸುತ್ತಿದ್ದರು. ಯಾಕೆ ಹಾಗೆ ಎಂದು ಅವತ್ತೂ ಕೇಳಲಿಲ್ಲ, ಆಮೇಲೂ ಕೇಳಲಿಲ್ಲ. ಕೇಳಿದ್ದರೆ 'ಹಂಗೇ' ಅಂದಿರುತ್ತಿದ್ದರು.

ಹಣ್ಣು ಹಿಂಡಿ ಕುದಿಸಿದರಾಯ್ತು

ಪೇಟೆಂಟ್ ಎಂದರೆ ಗುಟ್ಟು ಎಂದು ತಿಳಿದವರು ಬಹಳ ಜನ. ನಾನೂ ಅವರಲ್ಲೊಬ್ಬನಾಗಿದ್ದೆ. ನಿಜಕ್ಕೂ ಅದು ಗುಟ್ಟನ್ನು ಬಿಟ್ಟುಕೊಡುವ ವ್ಯಾಪಾರ. ನಿನ್ನ ವಿದ್ಯೆಯನ್ನು ಪೂರ್ತಿ ಬರೆದುಕೊಡು, ಆ ಕಸುಬು ಗೊತ್ತಿರುವವನು ಅದನ್ನು ಓದಿ ಮಾಡಲು ಆಗಬೇಕು. ಹಾಗೆ ಬರೆದುಕೊಟ್ಟರೆ ಇಷ್ಟು ವರ್ಷ ನಿನಗೊಬ್ಬನಿಗೇ ಹಕ್ಕು. ನಮ್ಮಲ್ಲಿ ಈಗ 20 ವರ್ಷ. ಅರ್ಜಿ ಹಾಕಿ 18 ತಿಂಗಳಾದ ಮೇಲೆ ಅದು ಪ್ರಕಟವಾಗುತ್ತದೆ, ಯಾರು ಬೇಕಾದರೂ ಓದಬಹುದು. ಅವಧಿ ಮುಗಿದ ಮೇಲೆ ಯಾರು ಬೇಕಾದರೂ ಮಾಡಬಹುದು. ಹಿಂದೆ ಪೇಟೆಂಟ್ ಔಷಧಿ ಎಂದು ಮಾರುತ್ತಿದ್ದ ಟಾನಿಕ್‌ಗಳಲ್ಲಿ ಬಹಳಷ್ಟಕ್ಕೆ ಪೇಟೆಂಟೇ ಇರಲಿಲ್ಲ. ಪೇಟೆಂಟ್ ಬೇಕಾದರೆ ಒಳಗೇನಿದೆ ಎಂದು ಹೇಳಬೇಕಿತ್ತಲ್ಲ!

ನಮ್ಮ ಪಕ್ಕದ ತೋಟದ ಅಜ್ಜಿಯ ಕಾಚಂಪುಳಿ, ಅಡುಗೆಗೆ ಹಾಕುವ ಕೊಡಗಿನ ಕಪ್ಪು ಹುಳಿ, ಈ ಪರೀಕ್ಷೆಯಲ್ಲಿ ಖಂಡಿತ ಫೇಲಾಗುತ್ತಿತ್ತು. ಪ್ರತಿ ವರ್ಷ ಕೈಲ್‌ಪೊಳ್ದ್ ಹಬ್ಬದ ಹೊತ್ತಿಗೆ ನಮ್ಮ ಮನೆಗೆ ಒಂದು ಬಾಟಲಿ ಬರುತ್ತಿತ್ತು. ಕಪ್ಪಗೆ, ಮಂದವಾಗಿ, ಚಮಚದಿಂದ ಬೀಳಲು ಮನಸ್ಸಿಲ್ಲದ ಹಾಗೆ. ಒಂದು ಹನಿ ನಾಲಿಗೆಗೆ ತಾಗಿಸಿದರೆ ಒಂದು ಕಣ್ಣು ತಾನಾಗಿ ಮುಚ್ಚಿಕೊಳ್ಳುತ್ತಿತ್ತು. ಅಮ್ಮ ಪ್ರತಿ ವರ್ಷ ಕೇಳುತ್ತಿದ್ದಳು, ಹೇಗೆ ಮಾಡ್ತೀರಿ ಅಜ್ಜಿ? ಅಜ್ಜಿ ಪ್ರತಿ ವರ್ಷ ಹೇಳುತ್ತಿದ್ದರು, 'ಹಣ್ಣು ಹಿಂಡಿ ಕುದಿಸಿದರಾಯ್ತು.' ಅದರಲ್ಲಿ ಒಂದಕ್ಷರ ಸುಳ್ಳಿಲ್ಲ. ಮಳೆಗಾಲದಲ್ಲಿ ಉದುರಿದ ಪಣಪುಳಿ ಹಣ್ಣನ್ನು ಬುಟ್ಟಿಯಲ್ಲಿಟ್ಟು ರಸ ಇಳಿಸಿ, ಆ ರಸವನ್ನು ಕಪ್ಪಾಗುವ ತನಕ ಕುದಿಸುವುದೇ ಕಾಚಂಪುಳಿ. ಆದರೆ ಹಣ್ಣು ಎಷ್ಟು ಕಳಿಯಬೇಕು, ಯಾವ ಪಾತ್ರೆ, ಬೆಂಕಿ ಎಷ್ಟಿರಬೇಕು, ಇಳಿಸುವ ಹದ ಯಾವುದು, ಅದೆಲ್ಲ ಅಜ್ಜಿಯ ಹೊಟ್ಟೆಯಲ್ಲೇ ಉಳಿಯಿತು. ಅಮ್ಮ ಒಂದು ವರ್ಷ ಧೈರ್ಯ ಮಾಡಿ ಕೂತಳು. ತಳ ಹತ್ತಿ, ಮನೆಯೆಲ್ಲ ಹೊಗೆಯಾಗಿ, ಪಾತ್ರೆಯನ್ನು ಎಸೆಯಬೇಕಾಯಿತು. ಅಜ್ಜಿ ಹೋಗಿ ಆರು ವರ್ಷ. ಈಗ ಅವರ ಮನೆಯವರೂ ಅಂಗಡಿಯಿಂದ ತರುತ್ತಾರೆ.

ಅಜ್ಜಿ ಜಿಪುಣಿಯಾಗಿರಲಿಲ್ಲ. ಬಾಟಲಿ ಕೊಡುವಾಗ ಯಾವತ್ತೂ ದುಡ್ಡು ಮುಟ್ಟಿದವರಲ್ಲ. ಹೇಳಿಕೊಟ್ಟರೆ ಮುಂದಿನ ವರ್ಷ ಬಾಟಲಿ ಹಿಡಿದು ಬರಲು ನೆಪ ಉಳಿಯುವುದಿಲ್ಲ ಎಂದುಕೊಂಡಿದ್ದರೋ ಏನೋ.

ಬಯಲು

ನಮ್ಮ ಭಾಷೆಯಲ್ಲಿ ತೆರೆದಿರುವುದಕ್ಕೆ ಪದಗಳೇನೂ ಕಡಿಮೆಯಿಲ್ಲ. ಆದರೆ ಅವುಗಳ ಜೊತೆ ಒಂದು ತೀರ್ಪೂ ಅಂಟಿಕೊಂಡಿರುತ್ತದೆ. ಬಿಚ್ಚು ಮನಸ್ಸು ಅಂದರೆ ಹೊಗಳಿಕೆ, ಬಾಯಿ ಬಿಟ್ಟ ಅಂದರೆ ಸಿಕ್ಕಿಬಿದ್ದ ಎಂದೇ. ಬಯಲಂತೂ ಪತೇರೆ ನಡೆದ ದಾರಿಯಲ್ಲೇ ನಡೆದಿದೆ. ಮೊದಲು ಮೈದಾನ, ಆಮೇಲೆ ಬಯಲಾಯಿತು, ಅಂದರೆ ಎಲ್ಲರಿಗೂ ಗೊತ್ತಾಯಿತು. ಇಂಗ್ಲಿಷಿನವರು ಢಾಳಾಗಿ ಕಾಣುವುದಕ್ಕೆ ಪೇಟೆಂಟ್ಲಿ ಎನ್ನುವುದೂ ಹೀಗೆಯೇ. ನಮ್ಮಲ್ಲಿ ಗುಟ್ಟು ಬಯಲಾಗುತ್ತದೆ, ಹಗರಣ ಬಯಲಾಗುತ್ತದೆ. ಒಳ್ಳೆಯದು ಬಯಲಾಯಿತು ಎಂದು ಯಾರಾದರೂ ಹೇಳಿದ್ದು ಕೇಳಿದ್ದೀರಾ? (ವಚನಕಾರರ ಬಯಲು ಬೇರೆ. ಅದಕ್ಕೆ ಕೈ ಹಾಕುವಷ್ಟು ಧೈರ್ಯ ನನಗಿಲ್ಲ.)

ಡಾಕ್ಟರ ಪೇಟೆನ್ಸಿಯಲ್ಲಿ ಈ ತೀರ್ಪು ಇಲ್ಲ ಎನ್ನುವುದೇ ನನಗೆ ಹಿಡಿಸಿದ್ದು. ತೆರೆದಿದೆ, ಅಷ್ಟೇ. ಅದು ಒಳ್ಳೆಯದೋ ಕೆಟ್ಟದ್ದೋ ಎಲ್ಲಿ, ಯಾವಾಗ ಎನ್ನುವುದರ ಮೇಲೆ. ಹೊಟ್ಟೆಯಲ್ಲಿರುವ ಮಗುವಿನ ಹೃದಯದ ಮೇಲಿನ ಎರಡು ಕೋಣೆಗಳ ನಡುವೆ ಒಂದು ಕಿಂಡಿ ಇರುತ್ತದೆ. ಶ್ವಾಸಕೋಶಕ್ಕೆ ಇನ್ನೂ ಕೆಲಸವಿಲ್ಲವಲ್ಲ, ರಕ್ತ ಒಳದಾರಿ ಹಿಡಿಯುತ್ತದೆ. ಹುಟ್ಟಿ ಉಸಿರು ಎಳೆದ ಮೇಲೆ ಆ ಕಿಂಡಿ ಮುಚ್ಚಬೇಕು. ಸುಮಾರು ನಾಲ್ವರಲ್ಲಿ ಒಬ್ಬರಿಗೆ ಅದು ಪೂರ್ತಿ ಮುಚ್ಚುವುದೇ ಇಲ್ಲ, ಹೆಚ್ಚಿನವರಿಗೆ ಅದು ಗೊತ್ತೂ ಆಗುವುದಿಲ್ಲ. ಕಿವಿಯದ್ದು ಇನ್ನೂ ಚೆಂದ. ಸಂಪಾಜೆ ಘಾಟಿ ಇಳಿಯುವಾಗ ಕಿವಿ ಕಟ್ಟಿಕೊಂಡು, ಎಂಜಲು ನುಂಗಿದರೆ ಟಪ್ ಎಂದು ಬಿಡುತ್ತದಲ್ಲ, ಅಲ್ಲಿ ಮೂಗಿನ ಹಿಂಬದಿಗೆ ಸೇರುವ ಒಂದು ಸಣ್ಣ ನಳಿಗೆ ಇದೆ. ಅದು ಮಾಮೂಲಿಯಾಗಿ ಮುಚ್ಚಿರುತ್ತದೆ, ನುಂಗಿದಾಗ, ಆಕಳಿಸಿದಾಗ ಮಾತ್ರ ತೆರೆಯುತ್ತದೆ. ಕೆಲವರಿಗೆ ಅದು ತೆರೆದೇ ಇರುತ್ತದೆ. ಅದಕ್ಕೆ ಪ್ಯಾಟುಲಸ್ ಎನ್ನುತ್ತಾರೆ, ಅದೂ ಪತೇರೆಯ ಮಗುವೇ. ಅಂಥವರಿಗೆ ತಮ್ಮ ಮಾತು, ತಮ್ಮ ಉಸಿರು ತಮ್ಮದೇ ಕಿವಿಯೊಳಗೆ ಗುಡುಗಿದ ಹಾಗೆ ಕೇಳುತ್ತದಂತೆ. ಇದನ್ನು ಓದುವಾಗ ನನಗೆ ಕೆಲವು ನೆಂಟರ ನೆನಪಾಯಿತು, ಹೆಸರು ಬೇಡ.

ಸ್ಕ್ಯಾನ್ ಮಾಡುವಾಗ ನಾನು ಒಳಗೇ ಇದ್ದೆ. ತಣ್ಣಗಿನ ಜೆಲ್ ಹಚ್ಚಿ, ಆ ಹುಡುಗಿ ಅಪ್ಪನ ತೊಡೆಯಿಂದ ಕೆಳಗೆ ಬೆರಳಷ್ಟು ಬೆರಳಷ್ಟು ಜಾಗ ಬಿಟ್ಟು ಪ್ರೋಬ್ ಒತ್ತುತ್ತಾ ಬಂದಳು. ಪರದೆಯಲ್ಲಿ ಕಪ್ಪು ಉಂಗುರದ ಹಾಗೆ ಕಾಣುತ್ತಿದ್ದದ್ದು ಪ್ರತಿ ಸಲ ಒತ್ತಿದಾಗಲೂ ಚಪ್ಪಟೆಯಾಗಿ ಮಾಯವಾಗುತ್ತಿತ್ತು, ಬಿಟ್ಟಾಗ ವಾಪಸ್ ಬರುತ್ತಿತ್ತು. ಯಾಕೆ ಹಾಗೆ ಒತ್ತುತ್ತೀರಿ ಎಂದು ಕೇಳಿದೆ. 'ಒತ್ತಿದ್ರೆ ಮುಚ್ಕೋಬೇಕು ಸರ್. ಒಳಗೆ ಹೆಪ್ಪುಗಟ್ಟಿದ್ರೆ ಮುಚ್ಕೊಳಲ್ಲ' ಅಂದಳು. ಒತ್ತಿದರೆ ಮುಚ್ಚಿಕೊಳ್ಳುವುದೇ ತೆರೆದಿದೆ ಎನ್ನುವುದಕ್ಕೆ ಸಾಕ್ಷಿ. ಒತ್ತಿದರೂ ಬಾಯಿ ಬಿಟ್ಟುಕೊಂಡೇ ಇದ್ದರೆ ಅಲ್ಲಿ ಏನೋ ಸಿಕ್ಕಿಕೊಂಡಿದೆ ಎಂದರ್ಥ. ರಿಪೋರ್ಟಿನ 'ಕಂಪ್ರೆಸಿಬಲ್' ಅದೇ. ಅಪ್ಪ ಛಾವಣಿ ನೋಡುತ್ತಾ ಮಲಗಿದ್ದರು.

ಇನ್ನು ಆ ಎರಡನೇ ಸಾಲು. ಮಾರನೇ ದಿನ ನಮ್ಮೂರ ಡಾಕ್ಟರು ಬಿಡಿಸಿ ಹೇಳಿದರು. ಹೆಪ್ಪು ಇಲ್ಲ, ಆಳದ ನಾಳಗಳು ಸರಿ ಇವೆ. ತೊಂದರೆ ಇರುವುದು ಚರ್ಮದ ಕೆಳಗಿನ ಉದ್ದ ನಾಳದ ಕವಾಟಗಳಲ್ಲಿ. ಕಾಲಿನಿಂದ ರಕ್ತ ಮೇಲಕ್ಕೆ ಹತ್ತಬೇಕು. ಹತ್ತಿದ್ದು ಜಾರಿ ಕೆಳಗೆ ಬರದ ಹಾಗೆ ಅಲ್ಲಲ್ಲಿ ಪುಟ್ಟ ಬಾಗಿಲುಗಳಿವೆ, ರಕ್ತ ದಾಟಿದ ಕೂಡಲೇ ಅವು ಮುಚ್ಚಿಕೊಳ್ಳಬೇಕು. ಅಪ್ಪನದ್ದು ಸರಿಯಾಗಿ ಮುಚ್ಚುತ್ತಿಲ್ಲ. ಹತ್ತಿದ ರಕ್ತ ವಾಪಸ್ ಇಳಿದು ಪಾದದ ಹತ್ತಿರ ನಿಲ್ಲುತ್ತಿದೆ. ಕವಾಟ ಎಂದರೆ ನಮ್ಮಲ್ಲೂ ಬಾಗಿಲೇ, ವಾಲ್ವ್ ಎಂಬ ಪದದ ಹಿಂದಿರುವ ಲ್ಯಾಟಿನ್ ಪದಕ್ಕೂ ಮಡಚುವ ಬಾಗಿಲಿನ ಒಂದು ರೆಕ್ಕೆ ಎಂದೇ ಅರ್ಥ. 'ಜಾಸ್ತಿ ಹೊತ್ತು ನಿಂತು ಮಾಡುವ ಕೆಲಸ ಇತ್ತಾ?' ಎಂದು ಡಾಕ್ಟರು ಕೇಳಿದರು. ಅಪ್ಪ 'ಹಂಗೇನಿಲ್ಲ' ಅಂದರು. ನನಗೆ ಡ್ರೈಯಿಂಗ್ ಯಾರ್ಡಿನ ಮೇಜು ಕಣ್ಣ ಮುಂದೆ ಬಂತು. ಅದರ ಹಿಂದೆ ಕುರ್ಚಿ ಇತ್ತು. ಅಪ್ಪ ಅದರಲ್ಲಿ ಕೂತದ್ದು ನೋಡಿದ ನೆನಪಿಲ್ಲ.

ಈಗ ಬಿಗಿಯಾದ ಕಾಲುಚೀಲ ಕೊಟ್ಟಿದ್ದಾರೆ. ಬೆಳಿಗ್ಗೆ ಏಳುವ ಮುಂಚೆ ಹಾಕಿಕೊಳ್ಳಬೇಕು, ಅದನ್ನು ಏರಿಸುವುದೇ ಒಂದು ಕುಸ್ತಿ. ಸಂಜೆ ಜಗಲಿಯಲ್ಲಿ ಇನ್ನೊಂದು ಕುರ್ಚಿಯ ಮೇಲೆ ದಿಂಬಿಟ್ಟು ಕಾಲು ಎತ್ತಿಟ್ಟುಕೊಂಡು ಕೂರಬೇಕು. ನಿನ್ನೆ ಕಾಲುಚೀಲ ತೆಗೆದ ಮೇಲೆ ನಾನು ಪಕ್ಕದಲ್ಲಿ ಕೂತು ಕಣಕಾಲಿನ ಮೇಲೆ ಹೆಬ್ಬೆರಳಿನಿಂದ ಒತ್ತಿ ನೋಡಿದೆ, ಡಾಕ್ಟರು ತೋರಿಸಿಕೊಟ್ಟ ಹಾಗೆ. ಕುಳಿ ಬಿತ್ತು. ಮೊದಲಿನಷ್ಟು ಆಳವಿಲ್ಲ. ಅದು ಮೆಲ್ಲಗೆ ತುಂಬಿಕೊಳ್ಳುವುದನ್ನು ಇಬ್ಬರೂ ನೋಡುತ್ತಾ ಕೂತೆವು.

'ಹೂಮಳೆ ಬಿತ್ತಲ್ಲ, ಅವತ್ತಿಂದ' ಅಂದರು ಅಪ್ಪ.

ನನಗೆ ತಕ್ಷಣ ಹೊಳೆಯಲಿಲ್ಲ. ಆಮೇಲೆ ಲೆಕ್ಕ ಹಾಕಿದೆ. ಮೈಸೂರಿಗೆ ಹೋಗುವ ಮುಂಚೆ ಪೂರ್ತಿ ಏಳು ವಾರ ಆಗಿತ್ತು.

'ನಿಮ್ಮಮ್ಮನಿಗೆ ಹೇಳ್ಬೇಡ' ಅಂದರು.

ಅಡುಗೆಮನೆಯ ಬಾಗಿಲು ತೆರೆದೇ ಇತ್ತು. 'ಕೇಳಿಸ್ತು' ಅಂದಳು ಅಮ್ಮ ಒಳಗಿನಿಂದ.